ಹುಷಾರು

'ಹುಷಾರು' ಎಂಬ ಪದವನ್ನು ನಾವು ಎರಡು ಅರ್ಥದಲ್ಲಿ ಬಳಸುತ್ತೇವೆ. ಊರಿಗೆ ಹೊರಟವರಿಗೆ 'ಹುಷಾರಾಗಿ ಹೋಗಿ ಬಾ' ಎನ್ನುತ್ತೇವೆ. ಕಾಯಿಲೆಯಿಂದ ಎದ್ದವರನ್ನು 'ಈಗ ಹುಷಾರಾಗಿದ್ದೀರಾ?' ಎಂದು ಕೇಳುತ್ತೇವೆ. ಮೊದಲನೆಯದು ಎಚ್ಚರ, ಎರಡನೆಯದು ಆರೋಗ್ಯ. ಎಚ್ಚರವಾಗಿದ್ದವನು ಆರೋಗ್ಯವಾಗಿರುತ್ತಾನೆ, ಆರೋಗ್ಯ ಕೆಟ್ಟವನು ಎಲ್ಲೋ ಎಚ್ಚರ ತಪ್ಪಿದ್ದಾನೆ ಎಂಬ ಒಂದು ತೀರ್ಪು ಈ ಪದದೊಳಗೇ ಕೂತಿದೆಯೇನೋ ಎಂದು ನನಗೆ ಈಚೆಗೆ ಅನ್ನಿಸತೊಡಗಿದೆ. ಇಪ್ಪತ್ತು ವರ್ಷ ಕನ್ನಡ ಪಾಠ ಮಾಡಿದವನಿಗೆ ಇದು ಹೊಳೆಯಲು ಒಂದು ಬೆರಳು ಹೆಚ್ಚುಕಡಿಮೆ ಹೋಗಬೇಕಾಯಿತು.

ಕಳೆದ ದಸರಾ ರಜೆಯಲ್ಲಿ ಚನ್ನರಾಯಪಟ್ಟಣದ ಕಡೆಯ ನಮ್ಮೂರಿಗೆ ಹೋಗಿದ್ದೆ. ಮನೆಯಲ್ಲಿ ಮೂರು ಹಸು ಇವೆ, ಬೆಳಿಗ್ಗೆ ಸಂಜೆ ಡೇರಿಗೆ ಹಾಲು ಹೋಗುತ್ತದೆ. ಮುಸುಕಿನ ಜೋಳದ ದಂಟನ್ನು ಕೊಟ್ಟಿಗೆಯ ಮಷೀನಿಗೆ ಕೊಡುತ್ತಿದ್ದಾಗ ಕರೆಂಟು ಹೋಯಿತು. ಒಂದು ದಂಟು ಅರ್ಧಕ್ಕೆ ಸಿಕ್ಕಿಕೊಂಡಿತ್ತು. ಮಷೀನು ನಿಂತಿದೆಯಲ್ಲ ಎಂಬ ಧೈರ್ಯದಲ್ಲಿ ಬ್ಲೇಡಿನ ಕಡೆಯಿಂದ ಕೈ ಹಾಕಿ ಎಳೆದೆ. ದಂಟು ಬಿಟ್ಟುಕೊಂಡಿತು. ಅದು ತಡೆದು ಹಿಡಿದಿದ್ದ ದೊಡ್ಡ ಚಕ್ರ ತನ್ನ ಭಾರಕ್ಕೆ ತಾನೇ ಕಾಲು ಸುತ್ತು ತಿರುಗಿತು. ಅಷ್ಟೇ ಆದದ್ದು.

ಮೊದಲಿಗೆ ನೋವಾಗಲಿಲ್ಲ. ಮುಷ್ಟಿ ಕಟ್ಟಲು ನೋಡಿದೆ. ನಾಲ್ಕು ಬೆರಳು ಮಡಚಿದವು, ಬಲಗೈಯ ತೋರುಬೆರಳು ನೆಟ್ಟಗೆ ನಿಂತಿತು. ಮಡಚು ಎಂದು ಮನಸ್ಸಿನಲ್ಲಿ ಎಷ್ಟು ಹೇಳಿದರೂ ಅದಕ್ಕೆ ಕೇಳಿಸುತ್ತಿರಲಿಲ್ಲ. ರಕ್ತಕ್ಕಿಂತ ಹೆಚ್ಚು ಹೆದರಿಸಿದ್ದು ಅದು.

ಓಡಿಬಂದವರು ನಮ್ಮ ಮನೆಯಲ್ಲಿ ಬಹಳ ವರ್ಷದಿಂದ ಕೆಲಸ ಮಾಡುವವರು. ಹೆಗಲ ಮೇಲಿನ ಟವೆಲ್ಲನ್ನು ಸುತ್ತಿ ಬಿಗಿಯಾಗಿ ಕಟ್ಟಿದರು. "ಕೈ ಮೇಲಕ್ಕೆತ್ತಿ ಹಿಡ್ಕಳಿ ಮೇಷ್ಟ್ರೇ, ಇಳಿಸ್ಬ್ಯಾಡಿ" ಎಂದರು. ಗಂಟು ಹಾಕುತ್ತಿದ್ದ ಆ ಬಲಗೈಯಲ್ಲಿ ಇದ್ದದ್ದು ಮೂರೇ ಬೆರಳು. ಆರು ವರ್ಷದ ಹಿಂದೆ ಅದೇ ಮಷೀನು ಅವರ ಉಂಗುರಬೆರಳು, ಕಿರುಬೆರಳುಗಳನ್ನು ತೆಗೆದುಕೊಂಡಿತ್ತು.

ನನ್ನನ್ನು ಕಾರಿನಲ್ಲಿ ಮೈಸೂರಿಗೆ ಕರೆದೊಯ್ದರು. ಕೈಯ ಶಸ್ತ್ರಚಿಕಿತ್ಸೆಯನ್ನೇ ಓದಿದ ವೈದ್ಯರೊಬ್ಬರು ಆ ರಾತ್ರಿಯೇ ಸಿಕ್ಕಿದರು. ಎಲುಬು ಉಳಿದಿತ್ತು. ತುಂಡಾದದ್ದು ಬೆರಳನ್ನು ಮಡಚುವ ಎರಡು ಟೆಂಡನ್ನುಗಳು, ಪಕ್ಕದ ಒಂದು ನರ. ನಮ್ಮ ಬೆರಳುಗಳನ್ನು ಮಡಚುವ ದೊಡ್ಡ ಸ್ನಾಯುಗಳು ಬೆರಳಿನಲ್ಲಿ ಇಲ್ಲವೇ ಇಲ್ಲ, ಮುಂಗೈಯಲ್ಲಿವೆ ಎಂಬುದು ನನಗೆ ಅಂದು ತಿಳಿಯಿತು. ಅಲ್ಲಿಂದ ಬರುವ ಹಗ್ಗದಂಥ ಟೆಂಡನ್ನುಗಳು ಬೆರಳೊಳಗಿನ ಇಕ್ಕಟ್ಟಾದ ಸುರಂಗದಲ್ಲಿ ಜಾರುತ್ತ ಗೊಂಬೆಯಾಟದ ಸೂತ್ರದಂತೆ ಬೆರಳನ್ನು ಎಳೆಯುತ್ತವೆ. ನನ್ನದು ತುಂಡಾದ ಜಾಗಕ್ಕೆ ಅಮೆರಿಕದ ಶಸ್ತ್ರವೈದ್ಯ ಸ್ಟರ್ಲಿಂಗ್ ಬನೆಲ್ 'ಯಾರದ್ದೂ ಅಲ್ಲದ ನೆಲ' ಎಂಬರ್ಥದ ಹೆಸರಿಟ್ಟಿದ್ದರು. ಅಲ್ಲಿ ಹೊಲಿದರೆ ಟೆಂಡನ್ ಕೂಡಿಕೊಳ್ಳುವುದರ ಜೊತೆಗೆ ಸುರಂಗದ ಗೋಡೆಗೂ ಅಂಟಿಕೊಂಡು ಬೆರಳು ಸೆಟೆದುಬಿಡುತ್ತದೆ, ಆದ್ದರಿಂದ ಗಾಯವಾದ ತಕ್ಷಣ ಅಲ್ಲಿ ಹೊಲಿಗೆ ಹಾಕುವುದು ಬೇಡ ಎಂದು ಬಹುಕಾಲ ನಂಬಿದ್ದರಂತೆ. 1960ರ ದಶಕದಲ್ಲಿ ಹ್ಯಾರಲ್ಡ್ ಕ್ಲೈನರ್ಟ್ ಮತ್ತು ಸಂಗಡಿಗರು ಸೂಕ್ಷ್ಮವಾಗಿ ಹೊಲಿದು, ಕೆಲವೇ ದಿನಗಳಲ್ಲಿ ಬೆರಳನ್ನು ನಿಯಂತ್ರಿತವಾಗಿ ಆಡಿಸಲು ಶುರು ಮಾಡಿ, ಆ ನಂಬಿಕೆಯನ್ನು ಅಲುಗಿಸಿದರು.

ಚಿಕಿತ್ಸೆಯ ಕಷ್ಟವೆಲ್ಲ ಇಲ್ಲೇ ಇದೆ. ಆಡಿಸದೆ ಇಟ್ಟರೆ ಬೆರಳು ಅಂಟಿಕೊಳ್ಳುತ್ತದೆ, ಜಾಸ್ತಿ ಆಡಿಸಿದರೆ ಹೊಲಿಗೆ ಕಿತ್ತುಬರುತ್ತದೆ. ಆರು ವಾರ ಕೈಗೆ ಪ್ಲಾಸ್ಟಿಕ್ಕಿನ ಪಟ್ಟಿ. ಎಚ್ಚರವಿದ್ದಷ್ಟು ಹೊತ್ತು ಗಂಟೆಗೊಮ್ಮೆ, ಹೇಳಿದಷ್ಟೇ ಸಲ, ಹೇಳಿದಷ್ಟೇ ದೂರ ಬೆರಳನ್ನು ಮಡಚಿ ಬಿಡಿಸುವುದು. ಭಾರ ಎತ್ತಲು ಮೂರು ತಿಂಗಳು ಕಾಯಬೇಕು. ನರದ ಲೆಕ್ಕ ಬೇರೆ. ಅದು ದಿನಕ್ಕೆ ಸುಮಾರು ಒಂದು ಮಿಲಿಮೀಟರ್ ಬೆಳೆಯುತ್ತದೆ. ಬೆಳಿಗ್ಗೆ ಎದ್ದು ಪೆನ್ನಿನ ತುದಿಯಿಂದ ಬೆರಳನ್ನು ಮುಟ್ಟುತ್ತ, ನಿನ್ನೆಯವರೆಗೆ ಮರಗಟ್ಟಿದ್ದ ಜಾಗದಲ್ಲಿ ಇಂದು ಇರುವೆ ಹರಿದ ಹಾಗಾಗುತ್ತಿದೆಯೇ ಎಂದು ನೋಡುವುದು ನನ್ನ ದಿನಚರಿಯಾಯಿತು.

ನೋಡಲು ಬಂದವರಿಗೆ ಲೆಕ್ಕವಿಲ್ಲ. ಸಹೋದ್ಯೋಗಿಗಳು, ನೆಂಟರು, ಹಳೆಯ ವಿದ್ಯಾರ್ಥಿಗಳು. "ಗ್ರಹಚಾರ ಸರ್" ಎಂದರು ಒಬ್ಬರು. "ಯಾರದೋ ಕಣ್ಣು ಬಿದ್ದಿದೆ" ಎಂದರು ಅತ್ತೆ. "ಕೈಗೆ ಬಂದದ್ದು ಬೆರಳಿಗೆ ಹೋಯಿತು ಅಂದ್ಕೊಳ್ಳಿ" ಎಂದು ಸಮಾಧಾನ ಹೇಳಿದವರು ಹಲವರು. ಹಣ್ಣಿನ ಬುಟ್ಟಿಗಳ ನಡುವೆ ಕೂತು ನಾನೂ ತಲೆಯಾಡಿಸಿದೆ. ಒಂದು ಮಧ್ಯಾಹ್ನ, ಎಲ್ಲರೂ ಹೋದ ಮೇಲೆ, ಇಷ್ಟು ಜನರಲ್ಲಿ ಒಬ್ಬರೂ ನನಗೆ ಒಂದು ಮಾತು ಹೇಳಲಿಲ್ಲವಲ್ಲ ಅನ್ನಿಸಿತು. ಆ ಮಾತು 'ಹುಷಾರಾಗಿರಬೇಕಿತ್ತು' ಎನ್ನುವುದು.

ಅದು ಹೊಳೆದದ್ದೇ ತಡ, ಆ ಮಾತನ್ನು ನಾನು ಯಾರಿಗೆ ಹೇಳಿದ್ದೆ ಎಂಬುದು ನೆನಪಾಯಿತು. ಆರು ವರ್ಷದ ಹಿಂದೆ ಸುದ್ದಿ ತಿಳಿದು ವಾರದ ಮೇಲೆ ನಾನು ಊರಿಗೆ ಹೋಗಿದ್ದೆ. ಅವರು ಕೊಟ್ಟಿಗೆಯ ಜಗಲಿಯ ಮೇಲೆ ಕೈಗೆ ಬ್ಯಾಂಡೇಜು ಸುತ್ತಿಕೊಂಡು ಕೂತಿದ್ದರು. ನಾನು ಐನೂರರ ಒಂದು ನೋಟು ಕೊಟ್ಟು, "ಸ್ವಲ್ಪ ಹುಷಾರಾಗಿರ್ಬೇಕಲ್ವೇನಪ್ಪಾ?" ಎಂದಿದ್ದೆ. ಅವರು ನಕ್ಕು "ಹೌದು ಮೇಷ್ಟ್ರೇ" ಎಂದಿದ್ದರು. ನನ್ನ ಮಟ್ಟಿಗೆ ಅದು ಅಲ್ಲಿಗೆ ಮುಗಿದಿತ್ತು.

ಒಂದೇ ಮಷೀನು. ನನಗಾದದ್ದು ಗ್ರಹಚಾರ, ಅವರಿಗಾದದ್ದು ಅಜಾಗ್ರತೆ. ಈ ಹಂಚಿಕೆಯನ್ನು ಯಾರೂ ಕೂತು ಮಾಡಿದ್ದಲ್ಲ, ನಮ್ಮ ಮಾತಿನಲ್ಲಿ ತಾನಾಗಿಯೇ ಬಂದದ್ದು. ಬೇಕಾದವರಿಗೆ ಪೆಟ್ಟಾದರೆ ಕಾರಣವನ್ನು ಆಕಾಶದಲ್ಲಿ ಹುಡುಕುತ್ತೇವೆ, ಬೇರೆಯವರಿಗಾದರೆ ಅವರ ಕೈಯಲ್ಲೇ ಹುಡುಕುತ್ತೇವೆ. ವಾಸ್ತವ ನೋಡಿದರೆ ಹೆಚ್ಚು ಅಜಾಗರೂಕನಾಗಿದ್ದವನು ನಾನೇ. ನಾನು ರಜೆಯ ಹುಮ್ಮಸ್ಸಿನಲ್ಲಿ ಕೈ ಹಾಕಿದವನು. ಅವರು ದಿನಾ ಕತ್ತಲೆ ಹರಿಯುವ ಮುಂಚೆ ಬಂದು ಆ ಕೆಲಸ ಮಾಡುತ್ತಿದ್ದವರು. ವರ್ಷಕ್ಕೆ ಎರಡು ದಿನ ಮಷೀನು ಮುಟ್ಟುವವನು ಎರಡು ದಿನ ಎಚ್ಚರವಾಗಿದ್ದರೆ ಸಾಕು. ದಿನಾ ಮುಟ್ಟುವವನು ಒಂದು ದಿನವೂ ಮೈಮರೆಯಬಾರದು ಎನ್ನುವುದು ಮನುಷ್ಯನಿಂದ ಆಗದ್ದನ್ನು ಕೇಳಿದ ಹಾಗೆ.

ಮಷೀನು ತಯಾರಿಸುವವರ ಲೋಕದಲ್ಲಿ ಇದು ಹೊಸ ವಿಚಾರವೇನಲ್ಲ. ದಿಲ್ಲಿ ಐಐಟಿಯ ದಿನೇಶ್ ಮೋಹನ್ ಮತ್ತು ಸಂಗಡಿಗರು ಉತ್ತರ ಭಾರತದ ಹಳ್ಳಿಗಳಲ್ಲಿ ಮೇವು ಕತ್ತರಿಸುವ ಯಂತ್ರಗಳಿಂದ ಆಗುವ ಗಾಯಗಳನ್ನು ನೋಡಿ, ಯಂತ್ರವನ್ನೇ ಬದಲಿಸುವ ದಾರಿಗಳನ್ನು 2004ರಲ್ಲಿ ಪ್ರಕಟಿಸಿದ್ದಾರೆ. ಬ್ಲೇಡಿಗೆ ಕವಚ, ಕೈ ಒಳಕ್ಕೆ ಹೋಗುವ ಮೊದಲೇ ತಾಗಿ ಎಚ್ಚರಿಸುವ ಉರುಳೆ, ಕೆಲಸವಿಲ್ಲದಾಗ ಚಕ್ರ ತಿರುಗದಂತೆ ಹಿಡಿಯುವ ಬೀಗ ಇಂಥವು. ಎಲ್ಲವೂ ಸಣ್ಣ ಕಬ್ಬಿಣದ ಕೆಲಸ. ಚಕ್ರಕ್ಕೊಂದು ಪಿನ್ನು ಇದ್ದಿದ್ದರೆ ನನ್ನ ಬೆರಳು ತುಂಡಾಗುತ್ತಿರಲಿಲ್ಲ.

ಅವರ ಬೆರಳಿನ ಕಥೆಗೆ ಇನ್ನೂ ಒಂದು ವಿವರ ಸೇರಿಸಬೇಕು. ನಮ್ಮ ಮಷೀನು ಬಂದಾಗ ಅದರ ಬಾಯಿಗೆ ಉದ್ದನೆಯ ತಗಡಿನ ದೋಣಿ ಇತ್ತು. ಹುಲ್ಲನ್ನು ಅದರಲ್ಲಿಟ್ಟು ದೂರದಿಂದಲೇ ತಳ್ಳಬಹುದಾಗಿತ್ತು. ಕೊಟ್ಟಿಗೆಯಲ್ಲಿ ಓಡಾಡಲು ಅದು ಅಡ್ಡವಾಗುತ್ತದೆ ಎಂದು ಅಪ್ಪ ಬಿಚ್ಚಿಸಿದರು. ಸ್ಪ್ಯಾನರ್ ಹಿಡಿದು ಬಿಚ್ಚಿದವನು ನಾನು. ಆ ತಗಡು ಆಮೇಲೆ ಕೋಳಿಗೂಡಿಗೆ ಮಾಡಾಯಿತು. ಅವರ ಕೈ ಉರುಳೆಗಳ ಹತ್ತಿರಕ್ಕೆ ಹೋಗುವ ಹಾಗೆ ಮಾಡಿದ್ದ ನಾನೇ ಅವರಿಗೆ ಹುಷಾರಿನ ಉಪದೇಶ ಹೇಳಿದ್ದೆ.

ಇದೆಲ್ಲ ಈಗ ಯಾಕೆ ಕಾಣಿಸಿತು? ನನಗೆ ಪೆಟ್ಟಾದದ್ದರಿಂದ ಎನ್ನುವುದು ಸುಲಭದ ಉತ್ತರ. ಪೆಟ್ಟು ತಿಂದವರಿಗೇ ಪೆಟ್ಟು ಗೊತ್ತು ಎನ್ನುವ ಅರ್ಥದ ಅಕ್ಕಮಹಾದೇವಿಯ ವಚನವನ್ನು ನಾನೇ ಎಷ್ಟೋ ಸಲ ಪಾಠ ಮಾಡಿದ್ದೇನೆ. ಆದರೆ ಅಕ್ಕ ಹೇಳುತ್ತಿದ್ದುದು ಚೆನ್ನಮಲ್ಲಿಕಾರ್ಜುನನಿಗಾಗಿ ಪಟ್ಟ ಸಂಕಟದ ಬಗ್ಗೆ. ನಾವು ಆ ಮಾತನ್ನು ಇಳಿಸಿಕೊಂಡು ದಿನಬಳಕೆಯ ನೆಪ ಮಾಡಿಕೊಂಡಿದ್ದೇವೆ. ನನಗೆ ಆ ಅನುಭವ ಇರಲಿಲ್ಲ, ಹಾಗಾಗಿ ಅರ್ಥವಾಗಲಿಲ್ಲ ಎಂದುಬಿಟ್ಟರೆ ತಪ್ಪು ನಮ್ಮದಲ್ಲ, ಅನುಭವದ್ದು. ಈ ತರ್ಕ ನಿಜವಾದರೆ ಲೋಕದ ಗತಿ ಏನು? ಪ್ರತಿಯೊಬ್ಬನಿಗೂ ಕರುಣೆ ಬರಲು ಪ್ರತಿಯೊಬ್ಬನ ಬೆರಳೂ ತುಂಡಾಗಬೇಕಾಗುತ್ತದೆ.

ಈ ತರ್ಕ ತಪ್ಪೆಂದು ನನಗೆ ತೋರಿಸಿಕೊಟ್ಟವರು ಫಿಸಿಯೋಥೆರಪಿಯ ಹುಡುಗಿ. ಇಪ್ಪತ್ತಾರು ಇಪ್ಪತ್ತೇಳು ವಯಸ್ಸಿರಬಹುದು. ಹತ್ತು ಬೆರಳೂ ಚೆನ್ನಾಗಿವೆ. ಆಕೆಗೆ ಎಂದೂ ಟೆಂಡನ್ ತುಂಡಾಗಿಲ್ಲ. ಆದರೆ ನನ್ನ ಬೆರಳಿನ ನೋವು ನನಗಿಂತ ಚೆನ್ನಾಗಿ ಆಕೆಗೆ ಗೊತ್ತಿತ್ತು. "ಚುಚ್ಚುವ ಹಾಗಾ ಸರ್, ಸುಡುವ ಹಾಗಾ, ಎಳೆಯುವ ಹಾಗಾ?" ಎಂದು ಕೇಳುತ್ತಿದ್ದರು. ರಾತ್ರಿ ಜಾಸ್ತಿಯೇ? ಅಂಗಿಯ ಗುಂಡಿ ಯಾರು ಹಾಕುತ್ತಾರೆ? ಅನ್ನ ಕಲಸಲು ಆಗುತ್ತಿದೆಯೇ? ಕೇಳಿ, ಉತ್ತರ ಬರುವವರೆಗೆ ಕಾಯುತ್ತಿದ್ದರು. ನಾನು 'ಪರವಾಗಿಲ್ಲ' ಎಂದರೆ ಒಪ್ಪುತ್ತಿರಲಿಲ್ಲ. ಆಕೆಯ ತಿಳುವಳಿಕೆ ನೋವಿನಿಂದ ಬಂದದ್ದಲ್ಲ, ಕೇಳುವುದರಿಂದ ಬಂದದ್ದು. ಹಾಗಾದರೆ ಆರು ವರ್ಷ ನನಗೆ ಕೊರತೆಯಾಗಿದ್ದದ್ದು ನೋವಿನ ಅನುಭವವಲ್ಲ. ನಾನು ಕೇಳಿರಲಿಲ್ಲ, ಅಷ್ಟೇ. ಕೇಳಲು ಬೆರಳು ಕಳೆದುಕೊಳ್ಳಬೇಕಾಗಿರಲಿಲ್ಲ, ಜಗಲಿಯ ಮೇಲೆ ಪಕ್ಕದಲ್ಲಿ ಕೂತಿದ್ದರೆ ಸಾಕಿತ್ತು.

ಸಂಕ್ರಾಂತಿಗೆ ಊರಿಗೆ ಹೋದಾಗ ಪಕ್ಕದಲ್ಲಿ ಕೂತೆ. ಅವರೇ ಮೊದಲು ನನ್ನ ಬೆರಳು ಹಿಡಿದು ನೋಡಿದರು. ಆಮೇಲೆ ನಾನು ಕೇಳಿದೆ.

"ಕುಡ್ಲು ಹಿಡಿಯಕ್ಕೆ ಬಿಗಿ ಬರಾಕಿಲ್ಲ ಮೇಷ್ಟ್ರೇ. ಈ ಎಲ್ಡು ಸಣ್ ಬೆರಳೇ ಬಿಗಿ ಕೊಡೋದು ಅಂತ ಹೋದ್ಮ್ಯಾಲೇ ಗೊತ್ತಾಗಿದ್ದು. ಹಾಲ್ ಕರೆಯಾದ್ನ ಎಡಗೈಗೆ ಕಲ್ತೆ. ಕಲಿಯಾಗಂಟ ಆ ಕೆಂದಸ ಎಷ್ಟ್ ಒದೀತು ಅಂತೀರ!"

"ನೋವು?"

"ಚಳಿಗಾಲದಾಗೆ ಜುಮುಗುಡ್ತದೆ. ಒಂದೊಂದ್ ರಾತ್ರಿ..." ಎಂದು ತಡೆದರು. "ನಗ್ಬ್ಯಾಡಿ. ಇಲ್ದಿರೋ ಬೆರಳು ಕಡೀತದೆ. ಕೆರ್ಕೊಳಾಣ ಅಂದ್ರೆ ಏನೈತೆ ಅಲ್ಲಿ?"

ಇದನ್ನು ಯಾರಿಗಾದರೂ ಹೇಳಿದ್ದೀಯಾ ಎಂದೆ. "ಯಾರ್ ಕೇಳಿದ್ರು ಮೇಷ್ಟ್ರೇ?"

ನಾನು ಪ್ರತಿವರ್ಷ ತರಗತಿಯಲ್ಲಿ ಏಕಲವ್ಯನ ಕಥೆ ಹೇಳುತ್ತೇನೆ. ದ್ರೋಣ ಹೆಬ್ಬೆರಳು ಕೇಳಿದ್ದು ಸರಿಯೇ ಎಂದು ಮಕ್ಕಳಿಂದ ಚರ್ಚೆ ಮಾಡಿಸುತ್ತೇನೆ. ಗುರುಭಕ್ತಿ, ಜಾತಿ, ಅಧಿಕಾರ, ಎಲ್ಲ ಬರುತ್ತದೆ. ಗಂಟೆ ಹೊಡೆಯುತ್ತದೆ. ಆದರೆ ಮಾರನೆಯ ದಿನ ಏನಾಯಿತು ಎಂದು ಇಷ್ಟು ವರ್ಷದಲ್ಲಿ ನಾನು ಒಮ್ಮೆಯೂ ಕೇಳಿಲ್ಲ. ಮಹಾಭಾರತ ಕೇಳಿದೆ. ಆಮೇಲೆ ಅವನು ಉಳಿದ ಬೆರಳುಗಳಿಂದ ಬಿಲ್ಲು ಎಳೆದ, ಆದರೆ ಮೊದಲಿನ ವೇಗ ಇರಲಿಲ್ಲ ಎಂದು ವ್ಯಾಸರು ಚುಟುಕಾಗಿ ಹೇಳಿ ಮುಂದೆ ಹೋಗುತ್ತಾರೆ. ಆ ಚುಟುಕಿನೊಳಗೆ ಎಷ್ಟು ತಿಂಗಳುಗಳಿವೆ ಎಂದು ಈಗ ನನಗೆ ಅಂದಾಜಿದೆ. ಕತ್ತರಿಸುವ ಗಳಿಗೆಯ ಬಗ್ಗೆ ನಮಗೆ ದೊಡ್ಡ ಕುತೂಹಲ, ಗಾಯದ ಜೊತೆ ಬದುಕುವ ದಿನಗಳ ಬಗ್ಗೆ ಇಲ್ಲ. ದ್ರೋಣನನ್ನು ಬೈಯುವುದೂ ಕೆಲವೊಮ್ಮೆ ಏಕಲವ್ಯನ ಮನೆಗೆ ಹೋಗದೇ ಇರಲು ಒಂದು ದಾರಿ.

ಸರಿ, ಕೇಳಿದ್ದಾಯಿತು. ಕೇಳಿ ಕಣ್ಣು ಒದ್ದೆ ಮಾಡಿಕೊಂಡು ಮೈಸೂರಿಗೆ ಬಂದರೆ ಮುಗಿಯಿತೇ?

1923ರಲ್ಲಿ ಬಂದ ಕಾರ್ಮಿಕರ ಪರಿಹಾರ ಕಾಯ್ದೆಗೆ ಒಂದು ಅನುಬಂಧವಿತ್ತು. ಯಾವ ಅಂಗ ಹೋದರೆ ಗಳಿಕೆಯ ಶಕ್ತಿ ಎಷ್ಟು ಪಾಲು ಹೋಯಿತು ಎಂಬ ಪಟ್ಟಿ. ಹೆಬ್ಬೆರಳಿಗೆ ಶೇಕಡಾ 30, ತೋರುಬೆರಳಿಗೆ 14, ನಡುಬೆರಳಿಗೆ 12, ಉಂಗುರಬೆರಳು ಅಥವಾ ಕಿರುಬೆರಳಿಗೆ 7. ಒಂದೇ ಕೈಯ ಎರಡು ಬೆರಳು ಹೋದರೆ 20. ಮೊದಲ ಸಲ ಓದಿದಾಗ ಸಂತೆಯಲ್ಲಿ ಬೆಲೆ ಹೇಳಿದ ಹಾಗೆ ಕೇಳಿಸಿತು. ಎರಡನೆಯ ಸಲ ಓದಿದಾಗ ಅದರಲ್ಲೊಂದು ಮರ್ಯಾದೆ ಕಂಡಿತು. ಆ ಪಟ್ಟಿ 'ಅಯ್ಯೋ ಪಾಪ' ಎನ್ನುವುದಿಲ್ಲ. ನಿನ್ನ ದುಡಿಮೆಯಲ್ಲಿ ಇಷ್ಟು ಪಾಲು ಹೋಗಿದೆ, ಅದನ್ನು ದುಡಿಸಿಕೊಂಡವರು ಕೊಡಬೇಕು ಎನ್ನುತ್ತದೆ. ವಿದ್ಯುತ್ತಿನಿಂದ ನಡೆಯುವ ಯಂತ್ರಗಳಲ್ಲಿ ಬೇಸಾಯದ ಕೆಲಸ ಮಾಡುವವರನ್ನೂ ಆ ಕಾಯ್ದೆ ಸೇರಿಸಿಕೊಂಡಿತ್ತು. ಕೂಲಿ, ವಯಸ್ಸು, ನಷ್ಟದ ಪಾಲು ಮೂರನ್ನೂ ಇಟ್ಟುಕೊಂಡು ಲೆಕ್ಕ ಹಾಕಿದೆ. ಅಪ್ಪ ಆಗ ಕೊಟ್ಟದ್ದು ಆಸ್ಪತ್ರೆಯ ಖರ್ಚು ಮತ್ತು ಇಪ್ಪತ್ತು ಸಾವಿರ. ಬರಬೇಕಾದದ್ದು ಅದರ ಹಲವು ಪಟ್ಟು.

ಅಪ್ಪನಿಗೆ ಹೇಳಿದೆ. ಅವರಿಗೆ ಎಪ್ಪತ್ತೆಂಟು. ಕೆಟ್ಟವರಲ್ಲ.

"ಆಗ್ಲೇ ಕೊಟ್ಟಾಯ್ತಲ್ಲೋ. ಅವನು ಹುಷಾರಾಗಿದ್ದಿದ್ರೆ ಯಾಕೆ ಹಂಗಾಗ್ತಿತ್ತು?"

"ನಾನೂ ಹುಷಾರಾಗಿರಲಿಲ್ಲ ಅಪ್ಪ."

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ನೀನು ನಮ್ಮನೆಯೋನು" ಎಂದರು. ಎಂದ ಮೇಲೆ ತಾವು ಏನೆಂದೆವು ಎಂದು ಅವರಿಗೇ ಕೇಳಿಸಿತೇನೋ, ಎದ್ದು ಒಳಗೆ ಹೋದರು. ಮರುದಿನ ಬೆಳಿಗ್ಗೆ ಕಾಫಿ ಕುಡಿಯುತ್ತ, "ಏನ್ ಮಾಡ್ಬೇಕೋ ಮಾಡು" ಎಂದರು.

ಕಂತಿನಲ್ಲಿ ಕೊಡುತ್ತೇನೆ ಎಂದು ಅವರಿಗೆ ಹೇಳಿದೆ. ಮೊದಲ ಕಂತಿನ ಲಕೋಟೆ ಕೈಯಲ್ಲಿತ್ತು. ಅವರು ಅದನ್ನು ನೋಡಿದರು, ನನ್ನ ಪಟ್ಟಿ ಬಿಚ್ಚಿದ ಬೆರಳನ್ನು ನೋಡಿದರು.

"ಈಗ್ಯಾಕೆ ಮೇಷ್ಟ್ರೇ? ನಿಮ್ಗೆ ಪೆಟ್ಟಾಯ್ತಲ್ಲ, ಅದ್ಕಾ?"

ನನ್ನಲ್ಲಿ ಉತ್ತರವಿರಲಿಲ್ಲ. ಇನ್ನೊಬ್ಬರ ನೋವು ತಿಳಿಯಲು ನನಗೆ ನೋವಾಗಬೇಕಿಲ್ಲ ಎಂಬ ನನ್ನ ವಾದವೆಲ್ಲ ಸರಿ. ಆದರೆ ನನ್ನ ವಿಷಯದಲ್ಲಿ ನಡೆದದ್ದು ಅದೇ, ನನಗೆ ಪೆಟ್ಟಾಗುವವರೆಗೆ ನಾನು ಕೇಳಲಿಲ್ಲ. ನನ್ನ ಬೆರಳು ಮಡಚಿದರೂ ಈ ಸಂಗತಿ ಮಡಚಿಕೊಳ್ಳುವುದಿಲ್ಲ. ತಡವಾಗಿ ಬಂದ ನ್ಯಾಯಕ್ಕೆ ತನ್ನ ತಡವನ್ನು ವಿವರಿಸುವ ಹಕ್ಕಿಲ್ಲ ಅನ್ನಿಸಿತು. "ಹೂಂ, ಅದಕ್ಕೇ" ಎಂದೆ. ಅವರು ಲಕೋಟೆ ತೆಗೆದುಕೊಂಡು, "ಮುಂದಿನ್ದು ಬ್ಯಾಂಕಿಗೇ ಹಾಕ್ಬಿಡಿ, ಕೈಯಾಗಿದ್ರೆ ಖರ್ಚಾಯ್ತದೆ" ಎಂದರು. ಉಪಕಾರವಾಯಿತು ಎನ್ನಲಿಲ್ಲ. ಅದು ನನಗೆ ಸಮಾಧಾನ ಕೊಟ್ಟಿತು. ಅದು ಅವರದೇ ದುಡ್ಡು.

ಮಷೀನಿಗೆ ಪಿನ್ನು ಹಾಕಿಸಿದ್ದೇನೆ. ಊರಿನ ವೆಲ್ಡಿಂಗ್ ಅಂಗಡಿಯವನು ಅರ್ಧ ಗಂಟೆಯಲ್ಲಿ ಮಾಡಿಕೊಟ್ಟ. ಹೊಸ ತಗಡಿನ ದೋಣಿ ಬಂದಿದೆ. ಕೊಟ್ಟಿಗೆಯಲ್ಲಿ ಓಡಾಡಲು ಅದು ಈಗಲೂ ಅಡ್ಡವೇ, ಎಲ್ಲರೂ ಬಳಸಿಕೊಂಡು ಓಡಾಡುತ್ತೇವೆ. ನನ್ನ ಬೆರಳು ಮುಕ್ಕಾಲು ಭಾಗ ಮಡಚುತ್ತದೆ, ಅಂಗೈ ಮುಟ್ಟುವುದಿಲ್ಲ. ಸ್ಪರ್ಶ ಉಗುರಿನ ಬುಡದವರೆಗೆ ಬಂದು ನಿಂತಿದೆ. ಸೀಮೆಸುಣ್ಣವನ್ನು ಹೆಬ್ಬೆರಳು, ನಡುಬೆರಳಿನ ನಡುವೆ ಹಿಡಿದು ಬರೆಯುತ್ತೇನೆ. ಅಕ್ಷರ ಸ್ವಲ್ಪ ವಾಲುತ್ತದೆ. ಈ ವರ್ಷ ಏಕಲವ್ಯನ ಪಾಠದಲ್ಲಿ, ಮಾರನೆಯ ದಿನ ಏನಾಗಿರಬಹುದು ಎಂದು ಕೇಳಿದೆ. ತುಂಬ ಹೊತ್ತು ಯಾರೂ ಮಾತಾಡಲಿಲ್ಲ. ಹಿಂದಿನ ಬೆಂಚಿನ ಹುಡುಗನೊಬ್ಬ, "ಅವರಮ್ಮ ಊಟ ಮಾಡ್ಸಿರ್ತಾರೆ ಸಾರ್" ಎಂದ. ಯಾರೂ ನಗಲಿಲ್ಲ.

ಇನ್ನೊಂದು ಬಾಕಿ ಉಳಿದಿದೆ. ಈ ಬರಹದುದ್ದಕ್ಕೂ ನಾನು ಅವರನ್ನು 'ಅವರು' ಎಂದಿದ್ದೇನೆ. ಬರೆಯುವಾಗ ಅದು ಸುಲಭ. ಎದುರಿಗೆ ಸಿಕ್ಕಾಗ ಚಿಕ್ಕಂದಿನಿಂದ ನಾಲಿಗೆಗೆ ಅಂಟಿದ ಏಕವಚನವೇ ಬರುತ್ತದೆ, ನನಗಿಂತ ಹತ್ತು ವರ್ಷ ದೊಡ್ಡವರಿಗೆ. ಇದೂ ಒಂದು ಬಗೆಯ ಅಂಟು. ದಿನಾ ಸ್ವಲ್ಪ ಸ್ವಲ್ಪ ಆಡಿಸದೆ ಬಿಡಿಸಿಕೊಳ್ಳುವುದಿಲ್ಲ. ಕಳೆದ ತಿಂಗಳು ಧೈರ್ಯ ಮಾಡಿ, "ನೀವು ಊಟ ಮಾಡಿದ್ರಾ?" ಎಂದೆ.

ಅವರು ಹುಲ್ಲಿನ ಹೊರೆ ಕೆಳಗಿಟ್ಟು ನನ್ನ ಮುಖವನ್ನೇ ನೋಡಿದರು.

"ಯಾಕ್ ಮೇಷ್ಟ್ರೇ," ಎಂದರು, "ಹುಷಾರಿಲ್ವಾ?"